ಟೈಟಾನಿಯಂ ಫೋನಿನ ಹುಸಿ ಹಿರಿಮೆ

2023ರ ಸೆಪ್ಟೆಂಬರ್ 12ರಂದು ಆಪಲ್ ಕಂಪನಿ ಐಫೋನ್ 15 ಪ್ರೋವನ್ನು ಜನರ ಮುಂದಿಟ್ಟಾಗ ಅದರ ಕ್ಯಾಮೆರಾ, ಚಿಪ್‌ಗಳಷ್ಟೇ ಸದ್ದು ಮಾಡಿದ್ದು ಒಂದು ಲೋಹ. ಮಂಗಳ ಗ್ರಹಕ್ಕೆ ಹೋಗುವ ನೌಕೆಗಳಲ್ಲಿ ಬಳಸುವ ಟೈಟಾನಿಯಂ ಮಿಶ್ರಲೋಹವನ್ನೇ ಫೋನಿಗೂ ಬಳಸಿದ್ದೇವೆ ಎಂದು ಕಂಪನಿ ಸಾರಿತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಸ್ಯಾಮ್‌ಸಂಗ್ ಕೂಡ ತನ್ನ ಗ್ಯಾಲಕ್ಸಿ ಎಸ್24 ಅಲ್ಟ್ರಾಗೆ ಟೈಟಾನಿಯಂ ಚೌಕಟ್ಟು ತೊಡಿಸಿತು. ಪತ್ರಿಕೆಗಳು, ಯೂಟ್ಯೂಬ್ ವಿಮರ್ಶಕರು, ಮೊಬೈಲ್ ಅಂಗಡಿಯವರು ಎಲ್ಲರೂ ಅದೇ ಮಾತನ್ನು ಎತ್ತಿಕೊಂಡರು. ಎರಡು ವರ್ಷದ ಮೇಲೆ, 2025ರ ಸೆಪ್ಟೆಂಬರ್ 9ರಂದು, ಅದೇ ಆಪಲ್ ಐಫೋನ್ 17 ಪ್ರೋದಲ್ಲಿ ಟೈಟಾನಿಯಂ ಕೈಬಿಟ್ಟು ಅಲ್ಯೂಮಿನಿಯಂಗೆ ಮರಳಿತು. ಈ ಅಲ್ಯೂಮಿನಿಯಂ ಟೈಟಾನಿಯಂಗಿಂತ 20 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ ಎಂಬುದು ಆಗ ಕೊಟ್ಟ ವಿವರಣೆ. ಈ 20 ಪಟ್ಟಿನ ಅಂತರ 2023ರಲ್ಲೂ ಇತ್ತು. ಲೋಹದ ಗುಣ ಎರಡು ವರ್ಷದಲ್ಲಿ ಬದಲಾಗುವುದಿಲ್ಲ. ಆಗ ಯಾರೂ ಅದನ್ನು ವೇದಿಕೆಯ ಮೇಲೆ ಹೇಳಲಿಲ್ಲ.

ಹೊಸ ಮಿಶ್ರಲೋಹ ಬಂದರೆ ಫೋನು, ಲ್ಯಾಪ್‌ಟಾಪು ಹೆಚ್ಚು ಗಟ್ಟಿಯಾಗುತ್ತದೆ, ಹಗುರಾಗುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಅದಕ್ಕಾಗಿ ಹೆಚ್ಚು ದುಡ್ಡು ಕೊಡುವುದು ನ್ಯಾಯ. ಇದು ಇಂದು ಚರ್ಚೆಯೇ ಇಲ್ಲದೆ ಒಪ್ಪಿಕೊಂಡಿರುವ ನಂಬಿಕೆ. ಒಂದೊಂದೇ ಎಳೆ ಬಿಡಿಸಿ ನೋಡಿದರೆ ಈ ನಂಬಿಕೆಯ ಬಹುಭಾಗ ನಿಲ್ಲುವುದಿಲ್ಲ. ಕೊಳ್ಳುವವರ ದುಡ್ಡೂ ಎಂಜಿನಿಯರುಗಳ ಶ್ರಮವೂ ತಪ್ಪು ಕಡೆ ಹರಿಯುವಂತೆ ಮಾಡಿರುವುದು ಇದೇ.

ಮೊದಲಿಗೆ ‘ಹೊಸ’ ಎಂಬ ವಿಶೇಷಣ. ಐಫೋನ್ 15 ಪ್ರೋದಲ್ಲಿ ಬಳಸಿದ್ದು ಗ್ರೇಡ್ 5 ಟೈಟಾನಿಯಂ: ಶೇಕಡಾ 6ರಷ್ಟು ಅಲ್ಯೂಮಿನಿಯಂ, 4ರಷ್ಟು ವನೇಡಿಯಂ ಬೆರೆತದ್ದು. ಇದು ರೂಪುಗೊಂಡಿದ್ದು 1950ರ ದಶಕದ ಅಮೆರಿಕದಲ್ಲಿ, ಜೆಟ್ ಎಂಜಿನ್‌ಗಳಿಗಾಗಿ. ‘ವಿಮಾನ ದರ್ಜೆಯ’ ಅಲ್ಯೂಮಿನಿಯಂ ಎಂದು ಹೆಸರು ಮಾಡಿರುವ 7000 ಸರಣಿಯ ಮೂಲ ಇನ್ನೂ ಹಿಂದಿನದು. 1930ರ ದಶಕದಲ್ಲಿ ಜಪಾನಿನ ಸುಮಿಟೊಮೊ ಕಂಪನಿ ಈ ಬಗೆಯ ಮಿಶ್ರಲೋಹ ತಯಾರಿಸಿತು, ಝೀರೊ ಯುದ್ಧವಿಮಾನದ ರೆಕ್ಕೆಗೆ ಅದು ಹೋಯಿತು. ಹಗುರ ಲ್ಯಾಪ್‌ಟಾಪ್‌ಗಳ ಮೆಗ್ನೀಸಿಯಂ ಮಿಶ್ರಲೋಹವಂತೂ ‘ಎಲೆಕ್ಟ್ರಾನ್’ ಎಂಬ ಹೆಸರಿನಲ್ಲಿ 1909ರಲ್ಲೇ ಜರ್ಮನಿಯಲ್ಲಿ ಪ್ರದರ್ಶನಕ್ಕೆ ಬಂದಿತ್ತು. ಲೋಹಶಾಸ್ತ್ರ ಎಂದೋ ಮುಗಿಸಿದ ಕೆಲಸಕ್ಕೆ ಮಾರಾಟ ವಿಭಾಗ ಈಗ ಹೊಸ ಚೀಟಿ ಅಂಟಿಸುತ್ತಿದೆ.

ಟೈಟಾನಿಯಂನಿಂದ ಅಲ್ಯೂಮಿನಿಯಂಗೆ ಹಿಂತಿರುಗಿದ್ದೂ ಇದು ಮೊದಲ ಸಲವಲ್ಲ. 2001ರ ಜನವರಿಯಲ್ಲಿ ಆಪಲ್ ಟೈಟಾನಿಯಂ ಪವರ್‌ಬುಕ್ ಜಿ4 ಬಿಡುಗಡೆ ಮಾಡಿತು. ಒಂದೇ ಇಂಚು ದಪ್ಪ, ಸುಮಾರು 2.4 ಕಿಲೊ ತೂಕ. ಆ ಕಾಲಕ್ಕೆ ಅದು ನಿಜವಾಗಿಯೂ ಬೆರಗಿನ ಯಂತ್ರ. ಕೈಯಲ್ಲಿಟ್ಟು ಬಳಸತೊಡಗಿದ ಮೇಲೆ ದೋಷಗಳು ಒಂದೊಂದಾಗಿ ಹೊರಬಿದ್ದವು. ಅಂಚಿನ ಬಣ್ಣ ಚಕ್ಕೆಯೆದ್ದು ಉದುರಿತು. ಪರದೆಯ ಹಿಂಜ್‌ಗಳು ಮುರಿದವು. ಲೋಹದ ಕವಚ ರೇಡಿಯೊ ತರಂಗಗಳನ್ನು ತಡೆಯುತ್ತಿದ್ದರಿಂದ, ಅದೇ ಕಂಪನಿಯ ಅಗ್ಗದ ಪ್ಲಾಸ್ಟಿಕ್ ಐಬುಕ್‌ನಲ್ಲಿ ಚೆನ್ನಾಗಿ ಸಿಗುವ ವೈಫೈ ಈ ದುಬಾರಿ ಯಂತ್ರದಲ್ಲಿ ಕುಂಟುತ್ತಿತ್ತು. 2003ರ ಜನವರಿಯಲ್ಲಿ 12 ಮತ್ತು 17 ಇಂಚಿನ ಅಲ್ಯೂಮಿನಿಯಂ ಪವರ್‌ಬುಕ್‌ಗಳು ಬಂದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 15 ಇಂಚಿನದೂ ಬದಲಾಯಿತು. ಎರಡು ದಶಕದ ಅಂತರದಲ್ಲಿ ಒಂದೇ ಕಂಪನಿ ಅದೇ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ವಾಪಸಾಗಿದೆ. ಎರಡನೆಯ ಸಲ ಹೋಗುವಾಗ ವಿಮರ್ಶಕರಲ್ಲಿ ಹೆಚ್ಚಿನವರಿಗೆ ಮೊದಲನೆಯದು ನೆನಪಾಗಲಿಲ್ಲ ಎಂಬುದು ಬೇಸರದ ಸಂಗತಿ.

ಮುಂದಿನದು ಹಗುರದ ವಾದ. ಐಫೋನ್ 14 ಪ್ರೋ 206 ಗ್ರಾಂ, 15 ಪ್ರೋ 187 ಗ್ರಾಂ. 19 ಗ್ರಾಂ ಕಡಿಮೆಯಾದದ್ದು ನಿಜ, ಕೈಗೆ ತಿಳಿಯುವಷ್ಟು ವ್ಯತ್ಯಾಸವೂ ಹೌದು. ಹೋಲಿಕೆ ಯಾವುದರ ಜೊತೆ ಎಂಬುದನ್ನು ಗಮನಿಸಬೇಕು. 14 ಪ್ರೋದ ಚೌಕಟ್ಟು ಸ್ಟೇನ್‌ಲೆಸ್ ಸ್ಟೀಲಿನದು. ಸ್ಟೀಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8 ಗ್ರಾಂ, ಗ್ರೇಡ್ 5 ಟೈಟಾನಿಯಂನದು 4.4, ಅಲ್ಯೂಮಿನಿಯಂನದು 2.7, ಮೆಗ್ನೀಸಿಯಂನದು 1.74. ಸಾಲಿನಲ್ಲಿ ಅತಿ ಭಾರದ ಲೋಹವನ್ನು ಪಕ್ಕಕ್ಕಿಟ್ಟುಕೊಂಡರೆ ಯಾವುದೂ ಹಗುರವೇ. ಅದೇ ದಿನ, ಅದೇ ವೇದಿಕೆಯಲ್ಲಿ ಬಂದ ಅಲ್ಯೂಮಿನಿಯಂ ಚೌಕಟ್ಟಿನ ಮಾಮೂಲಿ ಐಫೋನ್ 15ರ ತೂಕ 171 ಗ್ರಾಂ. ಅದರಲ್ಲಿ ಒಂದು ಕ್ಯಾಮೆರಾ ಕಡಿಮೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆದರೂ ಹಗುರದ ಫೋನು ಬೇಕೆಂದವರಿಗೆ ಉತ್ತರ ಆ ಮೇಜಿನ ಮೇಲೆಯೇ, ಕಡಿಮೆ ಬೆಲೆಗೆ ಇತ್ತು. ಸ್ಯಾಮ್‌ಸಂಗ್ ಅಲ್ಯೂಮಿನಿಯಂನಿಂದ ಟೈಟಾನಿಯಂಗೆ ಹೋಯಿತಲ್ಲ, ಅಲ್ಲಿ ಎಸ್23 ಅಲ್ಟ್ರಾಗೂ ಎಸ್24 ಅಲ್ಟ್ರಾಗೂ ಇದ್ದ ವ್ಯತ್ಯಾಸ ಒಂದೆರಡು ಗ್ರಾಂ ಮಾತ್ರ.

ಗಟ್ಟಿತನದ ಮಾತಿನಲ್ಲಿ ಗೊಂದಲ ಇನ್ನೂ ಹೆಚ್ಚು. ಲೋಹದ ‘ಗಟ್ಟಿ’ ಎಂಬುದು ಒಂದೇ ಗುಣವಲ್ಲ. ಎಷ್ಟು ಬಲ ಹಾಕಿದರೆ ಶಾಶ್ವತವಾಗಿ ಬಾಗಿಬಿಡುತ್ತದೆ ಎಂಬುದು ಒಂದು. ಹಾಕಿದ ಬಲಕ್ಕೆ ಎಷ್ಟು ಮಣಿಯುತ್ತದೆ, ಅಂದರೆ ಬಿಗುವು ಎಷ್ಟು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಟೈಟಾನಿಯಂ ಮುಂದಿದೆ, ಸಂಶಯವಿಲ್ಲ. ಎರಡನೆಯದರಲ್ಲಿ ಸಂಗತಿ ಬೇರೆ. ಗ್ರೇಡ್ 5 ಟೈಟಾನಿಯಂನ ಬಿಗುವಿನ ಅಳತೆ ಸುಮಾರು 114 ಗಿಗಾಪಾಸ್ಕಲ್, ಅಲ್ಯೂಮಿನಿಯಂನದು 70, ಮೆಗ್ನೀಸಿಯಂನದು 45. ಇವನ್ನು ಅವುಗಳ ಸಾಂದ್ರತೆಯಿಂದ ಭಾಗಿಸಿದರೆ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತದೆ: 26ರ ಆಸುಪಾಸು. ಸ್ಟೀಲ್ ಸಹ ಹತ್ತಿರದಲ್ಲೇ ನಿಲ್ಲುತ್ತದೆ. ಅಂದರೆ ತೂಕದ ಲೆಕ್ಕದಲ್ಲಿ ನೇರ ಎಳೆತಕ್ಕೆ ಈ ಲೋಹಗಳಲ್ಲಿ ಮೇಲುಕೀಳಿಲ್ಲ. ಹಾಳೆಯಂಥ ಚಪ್ಪಟೆ ಭಾಗ ಬಾಗುವ ಪ್ರಶ್ನೆ ಬಂದರೆ ದಪ್ಪವೇ ದೊರೆ, ಏಕೆಂದರೆ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಒಂದೇ ತೂಕದ ಹಾಳೆಗಳನ್ನು ತೆಗೆದುಕೊಂಡರೆ ಹಗುರ ಲೋಹದ ಹಾಳೆ ದಪ್ಪವಾಗಿರುತ್ತದೆ. ಹಾಗಾಗಿ ಅಲ್ಯೂಮಿನಿಯಂ ಹಾಳೆ ಟೈಟಾನಿಯಂ ಹಾಳೆಗಿಂತ ಎರಡೂವರೆ ಪಟ್ಟಿಗೂ ಹೆಚ್ಚು, ಮೆಗ್ನೀಸಿಯಂ ಹಾಳೆ ಆರು ಪಟ್ಟಿಗೂ ಹೆಚ್ಚು ಬಿಗುವಾಗಿರುತ್ತದೆ. ಎಂಜಿನಿಯರಿಂಗ್ ಓದುವ ವಿದ್ಯಾರ್ಥಿ ಮಾಡಬಹುದಾದ ಈ ಲೆಕ್ಕ ಜಾಹೀರಾತಿನಲ್ಲೂ ಕಾಣದು, ವಿಮರ್ಶೆಯಲ್ಲೂ ಕಾಣದು.

2014ರಲ್ಲಿ ಐಫೋನ್ 6 ಪ್ಲಸ್ ಜೇಬಿನಲ್ಲೇ ಬಾಗಿದ ಪ್ರಕರಣವನ್ನು ಮಿಶ್ರಲೋಹದ ಪರ ವಾದಿಸುವವರು ತಪ್ಪದೆ ಎತ್ತುತ್ತಾರೆ. ಮುಂದಿನ ವರ್ಷ 6ಎಸ್‌ನಲ್ಲಿ 7000 ಸರಣಿಯ ಅಲ್ಯೂಮಿನಿಯಂ ಬಂತು, ದೂರು ನಿಂತಿತು, ಆದ್ದರಿಂದ ಲೋಹವೇ ಪರಿಹಾರ ಎಂಬುದು ಅವರ ತರ್ಕ. ಲೋಹ ಸಹಾಯ ಮಾಡಿದ್ದು ಹೌದು. ಆದರೆ 2018ರಲ್ಲಿ ಅಮೆರಿಕದ ನ್ಯಾಯಾಲಯದ ಮೂಲಕ ಹೊರಬಂದ ಆಪಲ್‌ನ ಒಳಗಿನ ದಾಖಲೆಗಳು ಬೇರೊಂದನ್ನು ಹೇಳಿದವು. ಹಿಂದಿನ 5ಎಸ್‌ಗೆ ಹೋಲಿಸಿದರೆ ಐಫೋನ್ 6 ಬಾಗುವ ಸಾಧ್ಯತೆ 3.3 ಪಟ್ಟು, 6 ಪ್ಲಸ್ ಬಾಗುವ ಸಾಧ್ಯತೆ 7.2 ಪಟ್ಟು ಹೆಚ್ಚು ಎಂದು ಬಿಡುಗಡೆಗೆ ಮೊದಲೇ ಕಂಪನಿಗೆ ಗೊತ್ತಿತ್ತು. 5ಎಸ್ ಕೂಡ ಅಲ್ಯೂಮಿನಿಯಂ ಫೋನೇ. ದೋಷ ಇದ್ದದ್ದು ತೆಳ್ಳಗೆ, ಅಗಲಕ್ಕೆ ಎಳೆದು, ಗುಂಡಿಗಳ ಬಳಿ ಸಾಕಷ್ಟು ಆಸರೆ ಕೊಡದ ವಿನ್ಯಾಸದಲ್ಲಿ.

ಇನ್ನು ಶಾಖ. ಈ ಚರ್ಚೆಯ ಜೀವಾಳ ಇದು, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಫೋನಿಗೆ ಫ್ಯಾನ್ ಇಲ್ಲ. ಚಿಪ್ಪಿನಲ್ಲಿ ಹುಟ್ಟುವ ಶಾಖ ಒಳಗಿನ ಲೋಹದ ತಟ್ಟೆಗೆ, ಅಲ್ಲಿಂದ ಚೌಕಟ್ಟಿಗೆ, ಗಾಜಿಗೆ, ಕೊನೆಗೆ ಗಾಳಿಗೆ ಮತ್ತು ಹಿಡಿದವರ ಅಂಗೈಗೆ ಹೋಗಬೇಕು. ದಾರಿಯಲ್ಲಿ ಎಲ್ಲಿ ತಡೆ ಬಂದರೂ ಚಿಪ್ಪು ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ; ಆಟ ತಡವರಿಸುತ್ತದೆ, ವಿಡಿಯೊ ರೆಕಾರ್ಡಿಂಗ್ ನಡುವೆ ಪರದೆ ಮಂಕಾಗುತ್ತದೆ, ಬ್ಯಾಟರಿ ಬಿಸಿಯಲ್ಲಿ ಕುಳಿತು ಬೇಗ ಮುದಿಯಾಗುತ್ತದೆ. ಶಾಖವಾಹಕತೆಯ ಅಳತೆಯಲ್ಲಿ ಗ್ರೇಡ್ 5 ಟೈಟಾನಿಯಂಗೆ ಸಿಗುವ ಅಂಕ ಸುಮಾರು 7. ಸ್ಟೇನ್‌ಲೆಸ್ ಸ್ಟೀಲಿಗೆ 16. ಎಝಡ್91 ಎಂಬ ಸಾಮಾನ್ಯ ಮೆಗ್ನೀಸಿಯಂ ಮಿಶ್ರಲೋಹಕ್ಕೆ 70ರ ಮೇಲೆ. ಕವಚಕ್ಕೆ ಬಳಸುವ ಅಲ್ಯೂಮಿನಿಯಂಗಳಿಗೆ 130ರಿಂದ 200. ಹೊರಕವಚವೇ ರೇಡಿಯೇಟರ್ ಆಗಬೇಕಾದ ಸಾಧನಕ್ಕೆ ಈ ಪಟ್ಟಿಯಲ್ಲಿ ಅತಿ ಕಡಿಮೆ ಅಂಕದ ಲೋಹವನ್ನು ಆರಿಸಿ, ಅದನ್ನೇ ಮುನ್ನಡೆ ಎಂದು ಕರೆಯಲಾಯಿತು.

ಇಲ್ಲಿ ಆಪಲ್‌ಗೆ ಸಲ್ಲಬೇಕಾದ ನ್ಯಾಯವೂ ಒಂದಿದೆ. 15 ಪ್ರೋ ಕೈ ಸುಡುವಷ್ಟು ಬಿಸಿಯಾಗುತ್ತದೆಂಬ ದೂರು 2023ರ ಸೆಪ್ಟೆಂಬರ್ ಕೊನೆಗೆ ಎದ್ದಾಗ, ಅದಕ್ಕೆ ಐಒಎಸ್ 17ರಲ್ಲಿನ ಒಂದು ದೋಷ ಮತ್ತು ಕೆಲವು ಆ್ಯಪ್‌ಗಳು ಕಾರಣ, ಟೈಟಾನಿಯಂ ಕಾರಣವಲ್ಲ, ಹಿಂದಿನ ಸ್ಟೀಲ್ ಫೋನಿಗಿಂತ ಇದು ಶಾಖವನ್ನು ಚೆನ್ನಾಗಿ ಹೊರಹಾಕುತ್ತದೆ ಎಂದು ಕಂಪನಿ ಹೇಳಿತು. ಅದು ಸುಳ್ಳಾಗಬೇಕಿಲ್ಲ. ಏಕೆಂದರೆ ಆ ಫೋನಿನಲ್ಲಿ ಟೈಟಾನಿಯಂ ಇದ್ದದ್ದು ಹೊರಗಿನ ತೆಳು ಪಟ್ಟಿಯಾಗಿ ಮಾತ್ರ. ಒಳಗೆ ಶಾಖ ಹೊತ್ತು ಓಡಾಡುತ್ತಿದ್ದ ಆಸರೆಯ ಚೌಕಟ್ಟು ಅಲ್ಯೂಮಿನಿಯಂನದೇ. ಎರಡನ್ನೂ ಬಿಸಿ ಮತ್ತು ಒತ್ತಡದಲ್ಲಿ ಒಂದಾಗಿ ಬೆಸೆಯಲಾಗಿತ್ತು. ದುಡಿದದ್ದು ಅಲ್ಯೂಮಿನಿಯಂ, ಪೆಟ್ಟಿಗೆಯ ಮೇಲೆ ಹೆಸರು ಬಂದದ್ದು ಟೈಟಾನಿಯಂಗೆ. ಅಷ್ಟು ಕಷ್ಟಪಟ್ಟು ಬೆಸೆದ ಜೋಡಿಯನ್ನು ನಾಳೆ ಗುಜರಿಯಲ್ಲಿ ಬೇರ್ಪಡಿಸುವುದೂ ಇನ್ನೊಂದು ಕೆಲಸ.

ಲೋಹದ ಕವಚ ಎಂಬ ಮಾತಿನಲ್ಲೇ ಒಂದು ಉತ್ಪ್ರೇಕ್ಷೆ ಇದೆ. ಲೋಹ ರೇಡಿಯೊ ಸಂಕೇತವನ್ನು ತಡೆಯುತ್ತದೆ, ತಂತಿಯಿಲ್ಲದ ಚಾರ್ಜಿಂಗನ್ನೂ ತಡೆಯುತ್ತದೆ. ಆ ಕಾರಣಕ್ಕೆ 2017ರ ಐಫೋನ್ 8ರಿಂದ ಬೆನ್ನಿಗೆ ಗಾಜು ಬಂತು. ಅಂಚಿನ ಲೋಹದ ಪಟ್ಟಿಯಲ್ಲೂ ಆಂಟೆನಾಗಾಗಿ ಪ್ಲಾಸ್ಟಿಕ್ ಗೆರೆಗಳು ಬಂದವು. ಹೀಗಾಗಿ ‘ಟೈಟಾನಿಯಂ ಫೋನು’ ಎಂದರೆ ಎರಡು ಗಾಜಿನ ಹಲಗೆಗಳ ನಡುವಿನ ಒಂದು ಉಂಗುರ. ಒಡೆಯುವುದು ಗಾಜು. ‘ಜೆರ್ರಿರಿಗ್‌ಎವ್ರಿಥಿಂಗ್’ ಚಾನೆಲ್‌ನ ಝ್ಯಾಕ್ ನೆಲ್ಸನ್ 2023ರಲ್ಲಿ 15 ಪ್ರೋ ಮ್ಯಾಕ್ಸ್ ಅನ್ನು ಬರಿಗೈಯಲ್ಲಿ ಬಾಗಿಸಲು ಹೋದಾಗ ಕೆಲವೇ ಕ್ಷಣಗಳಲ್ಲಿ ಬೆನ್ನಿನ ಗಾಜು ಸೀಳಿತು. ಚೌಕಟ್ಟು ಮುರಿಯಲಿಲ್ಲ. ಬಳಸುವವರಿಗೆ ಅದರಿಂದ ಬಂದ ಭಾಗ್ಯವೇನು? ರಿಪೇರಿ ಬಿಲ್ ಬರುವುದು ಗಾಜಿಗೆ.

ಗೀರಿನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಐಫೋನ್ 17 ಪ್ರೋ ಅಂಗಡಿಗೆ ಬಂದ ವಾರದಲ್ಲೇ ಅದರ ಕ್ಯಾಮೆರಾ ದಿಬ್ಬದ ಚೂಪು ಅಂಚುಗಳಲ್ಲಿ ಬಣ್ಣ ಎದ್ದು ಬೆಳ್ಳಗಿನ ಲೋಹ ಕಾಣಿಸಿಕೊಂಡಿತು. ಗಾಢ ನೀಲಿ ಬಣ್ಣದ ಫೋನುಗಳಲ್ಲಿ ಅದು ಕಣ್ಣಿಗೆ ಹೊಡೆಯುತ್ತಿತ್ತು. ‘ನೋಡಿ, ಟೈಟಾನಿಯಂ ಬಿಟ್ಟದ್ದಕ್ಕೆ ಇದು ಫಲ’ ಎಂದವರು ಬಹಳ ಜನ. ಆನೋಡೈಸ್ ಮಾಡಿದ ಪದರ ಚೂಪು ಮೂಲೆಗಳಲ್ಲಿ ಸರಿಯಾಗಿ ಕೂರುವುದಿಲ್ಲ ಎಂಬುದು ಆ ಕಸುಬಿನವರಿಗೆ ಹಳೆಯ ವಿಷಯ. ಅಂಚನ್ನು ಸ್ವಲ್ಪ ಉರುಟು ಮಾಡಿದ್ದರೆ ತೊಂದರೆ ಕಡಿಮೆಯಾಗುತ್ತಿತ್ತು. ಇನ್ನು, ಜೇಬಿನ ದೂಳಿನಲ್ಲಿರುವ ಮರಳಿನ ಕಣ ಸ್ಫಟಿಕಶಿಲೆ. ಅದು ಅಲ್ಯೂಮಿನಿಯಂ, ಟೈಟಾನಿಯಂ, ಸ್ಟೀಲ್ ಮೂರಕ್ಕಿಂತಲೂ ಕಠಿಣ, ಮೂರನ್ನೂ ಗೀರುತ್ತದೆ. ಟೈಟಾನಿಯಂನಲ್ಲಿ ಗೀರು ಆಳವಾಗದೆ ಇರಬಹುದು. ಆದರೆ ಹೊಸ ಫೋನು ಕೊಂಡವರು ಅಂಗಡಿ ಬಿಡುವ ಮೊದಲೇ ಬ್ಯಾಕ್ ಕವರ್, ಟೆಂಪರ್ಡ್ ಗ್ಲಾಸ್ ಹಾಕಿಸಿಕೊಳ್ಳುತ್ತಾರೆ. ಮರುದಿನದಿಂದ ಕೈಗೆ ತಾಗುವುದು ಸಿಲಿಕೋನ್.

ನಿಜವಾಗಿ ಹೊಸದೆನ್ನಬಹುದಾದ ಲೋಹವೊಂದು ಬಂದಿತ್ತು. ಅದರ ಕತೆಯೇ ಈ ನಂಬಿಕೆಗೆ ಬಲವಾದ ಉತ್ತರ. 1960ರಲ್ಲಿ ಕ್ಯಾಲ್‌ಟೆಕ್‌ನ ಪೋಲ್ ಡುವೆಜ್ ತಂಡ ಚಿನ್ನ-ಸಿಲಿಕಾನ್ ದ್ರವವನ್ನು ಮಿಂಚಿನ ವೇಗದಲ್ಲಿ ತಂಪು ಮಾಡಿ, ಪರಮಾಣುಗಳು ಸಾಲುಗಟ್ಟುವ ಮೊದಲೇ ಹೆಪ್ಪುಗಟ್ಟಿದ ಲೋಹದ ಗಾಜನ್ನು ಪಡೆಯಿತು. ಸಿಕ್ಕಿದ್ದು ತೆಳು ಚೂರುಗಳು. 1990ರ ದಶಕದ ಆರಂಭದಲ್ಲಿ ಅದೇ ಸಂಸ್ಥೆಯ ವಿಲಿಯಂ ಜಾನ್ಸನ್, ಅಟಕನ್ ಪೇಕರ್ ಜಿರ್ಕೋನಿಯಂ ಆಧಾರದ ಮಿಶ್ರಣದಿಂದ ದಪ್ಪ ತುಂಡುಗಳನ್ನೂ ಎರಕ ಹೊಯ್ಯಬಹುದೆಂದು ತೋರಿಸಿದರು. ಅದು ಲಿಕ್ವಿಡ್‌ಮೆಟಲ್ ಎಂಬ ಹೆಸರಿನಲ್ಲಿ ವ್ಯಾಪಾರಕ್ಕಿಳಿಯಿತು. 2010ರ ಆಗಸ್ಟ್‌ನಲ್ಲಿ ಆಪಲ್ 2 ಕೋಟಿ ಡಾಲರ್ ಕೊಟ್ಟು ಗ್ರಾಹಕ ಎಲೆಕ್ಟ್ರಾನಿಕ್ಸ್‌ನಲ್ಲಿ ಅದನ್ನು ಬಳಸುವ ಏಕಮಾತ್ರ ಹಕ್ಕು ಪಡೆದ ಮೇಲೆ ‘ಲಿಕ್ವಿಡ್‌ಮೆಟಲ್ ಐಫೋನ್’ ವದಂತಿ ವರ್ಷವರ್ಷವೂ ಎದ್ದಿತು. ಆಪಲ್ ಫೋನಿನ ಜೊತೆ ಅದು ಜನರ ಕೈಗೆ ಬಂದದ್ದು ಸಿಮ್ ಟ್ರೇ ಹೊರತೆಗೆಯುವ ಪಿನ್ನಿನ ರೂಪದಲ್ಲಿ. ಕವಚದಂಥ ದೊಡ್ಡ ಭಾಗಕ್ಕೆ ಇದನ್ನು ಸಿದ್ಧಗೊಳಿಸಲು 30ರಿಂದ 50 ಕೋಟಿ ಡಾಲರ್, ಮೂರರಿಂದ ಐದು ವರ್ಷ ಬೇಕಾದೀತು ಎಂದು 2012ರಲ್ಲಿ ಪೇಕರ್ ಅವರೇ ಹೇಳಿದ್ದರು. ಹತ್ತು ವರ್ಷ ಮೀರಿದರೂ ಆ ಕವಚ ಬಂದಿಲ್ಲ. ಈ ಲೋಹ ಬಲದಲ್ಲಿ ಅಸಾಧಾರಣ. ಶಾಖ ಸಾಗಿಸುವುದರಲ್ಲಿ ಮಾತ್ರ ಟೈಟಾನಿಯಂನಷ್ಟೇ ಹಿಂದುಳಿದದ್ದು.

ಇಂಥ ಲೋಹಗಳಿಗೆ ತಕ್ಕ ಜಾಗ ಇಲ್ಲ ಎಂದಲ್ಲ. ಮಡಚುವ ಫೋನಿನ ಹಿಂಜ್ ನೋಡಿ: ಸಾವಿರಾರು ಸಲ ಮಡಚಿ ಬಿಚ್ಚಬೇಕು, ಹಲ್ಲುಗಳು ಸವೆಯಬಾರದು, ಜಾಗ ಅಂಗುಲದ ಒಂದು ಚೂರು. ಹುವಾವೇ ತನ್ನ ಮೇಟ್ ಎಕ್ಸ್‌ಎಸ್‌ನ ಹಿಂಜ್‌ಗೆ ಜಿರ್ಕೋನಿಯಂ ಆಧಾರದ ಲೋಹ ಬಳಸಿತು, ಹಾನರ್ ಮ್ಯಾಜಿಕ್ ವಿ2ರ ಹಿಂಜ್‌ಗೆ ಟೈಟಾನಿಯಂ ಬಂತು. ಬೆವರು ತಾಗುತ್ತಲೇ ಇರುವ ಕೈಗಡಿಯಾರಕ್ಕೆ ಟೈಟಾನಿಯಂ ಒಪ್ಪುತ್ತದೆ, ಚರ್ಮಕ್ಕೆ ಅಲರ್ಜಿ ತರುವುದು ವಿರಳ. 5.6 ಮಿಲಿಮೀಟರ್ ದಪ್ಪದ ಐಫೋನ್ ಏರ್‌ನಲ್ಲಿ ಬಾಗದ ಬಲವೇ ಮುಖ್ಯವಾದ್ದರಿಂದ ಅಲ್ಲಿ ಅದನ್ನು ಉಳಿಸಿಕೊಂಡದ್ದಕ್ಕೂ ಅರ್ಥವಿದೆ. ಭಾಗ ಯಾವುದು, ಅದರ ಕೆಲಸವೇನು ಎಂದು ಕೇಳಿ ಲೋಹ ಆರಿಸಿದ ಉದಾಹರಣೆಗಳು ಇವು.

ಹಾಗೆ ಕೇಳಿದರೆ ಲ್ಯಾಪ್‌ಟಾಪಿನ ಅಗಲವಾದ ಮುಚ್ಚಳಕ್ಕೆ, ಕ್ಯಾಮೆರಾ ಕವಚಕ್ಕೆ ಬರುವ ಉತ್ತರ ಮೆಗ್ನೀಸಿಯಂ. ಪ್ಯಾನಸಾನಿಕ್ ತನ್ನ ಮೊದಲ ಟಫ್‌ಬುಕ್‌ಗೆ 1996ರಲ್ಲೇ ಅದನ್ನು ಬಳಸಿತು; ಒಂದು ಕಿಲೊಗಿಂತ ಕಡಿಮೆ ತೂಗುವ ಎಲ್‌ಜಿ ಗ್ರಾಮ್ ಲ್ಯಾಪ್‌ಟಾಪುಗಳೂ ಅದರದೇ. ಬಣ್ಣ ಹೋದಲ್ಲಿ ಬೆವರು, ಉಪ್ಪು ತಾಗಿದರೆ ಅದು ಬೇಗ ಸವೆಯುತ್ತದೆ. ಮುಟ್ಟಿದರೆ ಪ್ಲಾಸ್ಟಿಕ್ಕಿನಂತೆ ಅನ್ನಿಸುತ್ತದೆ. ಈ ಎರಡನೆಯ ಕಾರಣಕ್ಕೇ ಅದಕ್ಕೆ ಜಾಹೀರಾತಿನಲ್ಲಿ ಜಾಗವಿಲ್ಲ. ಅದನ್ನು ತೆಗೆಯುವ ಬಗೆಯೂ ನಿರ್ಮಲವಲ್ಲ: ಚೀನಾದಲ್ಲಿ ಸುಟ್ಟ ಡಾಲಮೈಟನ್ನು ಫೆರೋಸಿಲಿಕಾನ್ ಜೊತೆ 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ ತೆಗೆಯುವ ಪಿಜನ್ ವಿಧಾನ ಕಲ್ಲಿದ್ದಲನ್ನು ನುಂಗುತ್ತದೆ. ಟೈಟಾನಿಯಂ ಇದಕ್ಕಿಂತ ಮೇಲೆಂದು ಭಾವಿಸುವಂತಿಲ್ಲ. ಕ್ರೋಲ್ ವಿಧಾನದಲ್ಲಿ ಒಂದು ಕಿಲೊ ಟೈಟಾನಿಯಂ ತೆಗೆಯಲು ಹೆಚ್ಚುಕಡಿಮೆ ಒಂದು ಕಿಲೊ ಮೆಗ್ನೀಸಿಯಂ ಬೇಕು. ದೊಡ್ಡ ಕಾರ್ಖಾನೆಗಳು ಅದನ್ನು ವಿದ್ಯುತ್ ಖರ್ಚು ಮಾಡಿ ಮರಳಿ ಪಡೆಯುತ್ತವೆ. ಕೇರಳದ ಚವರದಲ್ಲಿ ಕಡಲ ಮರಳಿನಿಂದ ಹೀಗೆ ತೆಗೆದ ಟೈಟಾನಿಯಂ ಹೋಗುವುದು ಬಾಹ್ಯಾಕಾಶದ ಕೆಲಸಕ್ಕೆ, ಅಲ್ಲಿ ಅದರ ಬೆಲೆಗೆ ತಕ್ಕ ಪ್ರಯೋಜನ ಇದೆ. ಅಲ್ಯೂಮಿನಿಯಂನ ದೊಡ್ಡ ಅನುಕೂಲವೆಂದರೆ ಗುಜರಿಯಿಂದ ಮತ್ತೆ ಕರಗಿಸಲು ಅದಿರಿನಿಂದ ತೆಗೆಯುವಾಗ ಬೇಕಾದ ಶಕ್ತಿಯ ಶೇಕಡಾ 5ರಷ್ಟು ಸಾಕು.

ಫೋನು ಸಾಯುವುದು ಹೇಗೆಂದು ತಿಳಿಯಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಮೇಜುಗಳ ಮುಂದೆ ನಿಂತು ನೋಡಬೇಕು. ಬರುವುದು ಊದಿದ ಬ್ಯಾಟರಿ, ಒಡೆದ ಡಿಸ್‌ಪ್ಲೇ, ಸಡಿಲವಾದ ಚಾರ್ಜಿಂಗ್ ಪಿನ್. ಡಿಸ್‌ಪ್ಲೇ ಬದಲಿಸುವವರು ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟು, ಅಂಚಿನ ಅಂಟು ಮೆತ್ತಗಾದ ಮೇಲೆ ತೆಳು ಪ್ಲಾಸ್ಟಿಕ್ ಕಾರ್ಡು ತೂರಿಸಿ ಸುತ್ತಲೂ ಎಳೆಯುತ್ತಾರೆ. ಹಳೆಯ ಅಂಟನ್ನು ಕೆರೆದು ತೆಗೆದು ಹೊಸ ಡಿಸ್‌ಪ್ಲೇ ಕೂರಿಸಿದಾಗ ಒಂದು ಮೂಲೆ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ, ಏಕೆಂದರೆ ಫೋನು ಬಿದ್ದಾಗ ಚೌಕಟ್ಟಿನ ಮೂಲೆ ಒಳಕ್ಕೆ ನಗ್ಗಿರುತ್ತದೆ. ಹಾಗೇ ಒತ್ತಿದರೆ ಹೊಸ ಗಾಜೂ ಸೀಳುತ್ತದೆ. ಸಣ್ಣ ಅರ ತೆಗೆದುಕೊಂಡು ನಗ್ಗಿದ ತುಟಿಯನ್ನು ಮೆಲ್ಲಗೆ ಉಜ್ಜಿ ದಾರಿ ಮಾಡಬೇಕು. ಅಲ್ಯೂಮಿನಿಯಂ ಅರಕ್ಕೆ ಬಗ್ಗುತ್ತದೆ. ಟೈಟಾನಿಯಂ ಅಷ್ಟು ಸುಲಭಕ್ಕೆ ಬಗ್ಗದು. ಕಾರ್ಖಾನೆಯಲ್ಲೂ ಇದೇ ಪಾಡು, ಶಾಖ ಹರಿಯದೆ ಕತ್ತರಿಸುವ ಉಪಕರಣದ ತುದಿಯಲ್ಲೇ ನಿಂತು ತುದಿಯನ್ನು ತಿನ್ನುತ್ತದೆ. ಹೊಸೂರಿನಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಐಫೋನ್ ಕವಚಗಳನ್ನೇ ತಯಾರಿಸುತ್ತಿದೆ, ದೇವನಹಳ್ಳಿ ಬಳಿ ಫಾಕ್ಸ್‌ಕಾನ್ ಐಫೋನ್ ಜೋಡಿಸುತ್ತಿದೆ. ಲೋಹದ ಆಯ್ಕೆ ಈಗ ನಮ್ಮ ಸುತ್ತಲಿನ ಕಾರ್ಮಿಕರ ಕೈಗೂ ತಾಗುವ ಪ್ರಶ್ನೆ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ, ಅವನ್ನು ಕಾನೂನು ಕೇಳತೊಡಗಿದೆ. 2025ರ ಜೂನ್ 20ರಿಂದ ಯುರೋಪಿನ ಒಕ್ಕೂಟದಲ್ಲಿ ಮಾರುವ ಫೋನುಗಳ ಮುಖ್ಯ ಬಿಡಿಭಾಗಗಳು ಆ ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಸಿಗಬೇಕು, ಸಾಫ್ಟ್‌ವೇರ್ ಅಪ್‌ಡೇಟ್ ಕನಿಷ್ಠ ಐದು ವರ್ಷ ಬರಬೇಕು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ್ದ ಸಮಿತಿ 2025ರ ಮೇ ತಿಂಗಳಲ್ಲಿ ರಿಪೇರಿ ಸೂಚ್ಯಂಕದ ವರದಿ ಸಲ್ಲಿಸಿತು. ಫೋನನ್ನು ಎಷ್ಟು ಸುಲಭವಾಗಿ ಬಿಚ್ಚಬಹುದು, ಬಿಡಿಭಾಗ ಎಷ್ಟು ಬೇಗ ಸಿಗುತ್ತದೆ, ಯಾವ ಸ್ಕ್ರೂ, ಯಾವ ಉಪಕರಣ ಬೇಕು, ಅಪ್‌ಡೇಟ್ ಎಷ್ಟು ಕಾಲ ಎಂಬುದಕ್ಕೆ ಅಂಕ ಕೊಟ್ಟು, ಆ ಅಂಕವನ್ನು ಗಿರಾಕಿಗೆ ಕಾಣುವಂತೆ ಪ್ರದರ್ಶಿಸಬೇಕೆಂಬುದು ಅದರ ಶಿಫಾರಸು. ಬ್ಯಾಟರಿ, ಡಿಸ್‌ಪ್ಲೇ, ಹಿಂಬದಿ ಕವರ್, ಕ್ಯಾಮೆರಾ, ಚಾರ್ಜಿಂಗ್ ಪೋರ್ಟ್, ಸ್ಪೀಕರ್ ಅದು ಆದ್ಯತೆ ಕೊಟ್ಟ ಭಾಗಗಳಲ್ಲಿ ಸೇರಿವೆ. ಇಂದು ಟೈಟಾನಿಯಂ ಎಂದು ಅಚ್ಚಾಗಿರುವ ಪೆಟ್ಟಿಗೆಗಳ ಮೇಲೆ ಈ ಅಂಕವನ್ನು ಮೊದಲು ಅಚ್ಚು ಹಾಕಿಸಲಿ.